ಹೊಲಿಗೆ ಹಾಕಿಸಿದ ಗದುಗಿನ ಭಾರತ

ನಮ್ಮಪ್ಪ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಫಿಟ್ಟರ್ ಆಗಿದ್ದರು. ಕುರುಬರಹಳ್ಳಿಯ ವಠಾರದ ಮನೆಯಲ್ಲಿ ಅವರದು ಅಂತ ಇದ್ದ ದೊಡ್ಡ ಪುಸ್ತಕ ಒಂದೇ: ಕುವೆಂಪು, ಮಾಸ್ತಿ ಇಬ್ಬರೂ ಸೇರಿ ಸಂಪಾದಿಸಿ, 1958ರಲ್ಲಿ ಮೈಸೂರು ಸರ್ಕಾರ ಹೊರತಂದ ಕುಮಾರವ್ಯಾಸನ ‘ಕರ್ಣಾಟ ಭಾರತ ಕಥಾಮಂಜರಿ’. ರಾಜಾಜಿನಗರದ ಕುಮಾರವ್ಯಾಸ ಮಂಟಪದಲ್ಲಿ ಗಮಕ ಕೇಳಿಕೊಂಡು ಬಂದ ರಾತ್ರಿ ಅಪ್ಪ ಅದೇ ಸಂಧಿಯನ್ನು ತೆಗೆದು ನಮಗೆಲ್ಲ ಓದುತ್ತಿದ್ದರು. ರಾಗ ಅವರಿಗೆ ಬರುತ್ತಿರಲಿಲ್ಲ. ಲಯ ಮಾತ್ರ ಎಂದೂ ತಪ್ಪುತ್ತಿರಲಿಲ್ಲ.

ಅಪ್ಪ ಹೋದ ಮೇಲೆ ಪುಸ್ತಕ ಅಟ್ಟ ಸೇರಿತು. ಎಷ್ಟೋ ವರ್ಷದ ಮೇಲೆ ಇಳಿಸಿದಾಗ ಬೆನ್ನು ಕಿತ್ತುಹೋಗಿತ್ತು. ಉದ್ಯೋಗಪರ್ವದ ಹಾಳೆಗಳು ಬಿಡಿಬಿಡಿಯಾಗಿ ಕೈಗೆ ಬಂದವು. ಸರ್ಕಲ್ ಹತ್ತಿರದ ಬೈಂಡರ್ ಒಬ್ಬರಿಗೆ ತೋರಿಸಿದೆ. “ಪಿನ್ ಹೊಡೆದ್ರೆ ಇವತ್ತೇ ಕೊಡ್ತೀನಿ ಸಾರ್, ಆದ್ರೆ ಪುಸ್ತಕ ಪೂರ್ತಿ ಬಿಚ್ಚಿಕೊಳ್ಳಲ್ಲ. ಹೊಲಿಗೆ ಹಾಕ್ತೀನಿ, ವಾರ ಬಿಟ್ಟು ಬನ್ನಿ” ಅಂದರು.

ಹಳೆಯ ಅಂಟು ಕೆರೆದು, ಫಾರಂಗಳನ್ನು ಬೇರೆ ಮಾಡಿ, ಹರಿದ ಮಡಿಕೆಗಳಿಗೆ ತೆಳುಕಾಗದದ ಪಟ್ಟಿ ಹಚ್ಚಿ, ಮೇಣ ಸವರಿದ ದಾರದಲ್ಲಿ ಒಂದೊಂದನ್ನೇ ಹೊಲಿದಿದ್ದರು. ಮೇಲೆ ಕಡುಗೆಂಪು ಕ್ಯಾಲಿಕೊ, ಬೆನ್ನಿಗೆ ಚಿನ್ನದ ಬಣ್ಣದ ಅಕ್ಷರ. ಮನೆಗೆ ತಂದು ವ್ಯಾಸಪೀಠದ ಮೇಲೆ ಇಟ್ಟರೆ ತಾನೇ ಅಗಲವಾಗಿ ತೆರೆದುಕೊಂಡಿತು.

ಆ ರಾತ್ರಿ ಅಮ್ಮ ಗೋಡೆಗೆ ಒರಗಿ ಕೂತರು. ನಾನು ಉದ್ಯೋಗಪರ್ವ ತೆಗೆದೆ. ಪುಟ ಒತ್ತಿ ಹಿಡಿಯುವ ಕೆಲಸವಿಲ್ಲದ್ದರಿಂದ ಕೈ ತಾನಾಗಿ ತಾಳ ಹಾಕತೊಡಗಿತು. ಭಾಮಿನಿ ಷಟ್ಪದಿಯಲ್ಲಿ ನಾಲ್ಕು ಸಾಲಿಗೆ 14 ಮಾತ್ರೆ, ಮೂರನೆಯ ಮತ್ತು ಆರನೆಯ ಸಾಲಿಗೆ 23. ಆ ಉದ್ದ ಸಾಲಿಗೆ ಉಸಿರು ಹಿಡಿದಿಟ್ಟುಕೊಳ್ಳಬೇಕು. ಕಣ್ಣಲ್ಲಿ ಓದುವಾಗ ಗೊತ್ತಾಗದ ಇದು ಬಾಯಿಬಿಟ್ಟು ಓದಿದರೆ ಎದೆಗೇ ತಿಳಿಯುತ್ತದೆ.

ಚಿಕ್ಕಂದಿನಲ್ಲಿ ನಾವು ಯುದ್ಧ ಯಾವಾಗ ಬರುತ್ತದೋ ಅಂತ ಕಾಯುತ್ತಿದ್ದೆವು. ಕೃಷ್ಣ ಕರ್ಣನನ್ನು ರಥಕ್ಕೆ ಕರೆದೊಯ್ಯುವ ಜಾಗ ಆಗ ಮನಸ್ಸಿಗೆ ನಾಟಿರಲಿಲ್ಲ. ಮೈದುನನ ಜೊತೆ ಆಡುವ ಹಾಗೆ ಸರಸವಾಡುತ್ತ ಕೃಷ್ಣ ಅವನನ್ನು ಎಳೆದು ತನ್ನ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಾನೆ. ತಾನು ಸಮಾನನಲ್ಲವೆಂದು ಕರ್ಣ ಹಿಂದೆ ಸರಿಯುತ್ತಾನೆ. ಹುಟ್ಟಿನ ಗುಟ್ಟು ಹೊರಬೀಳುವುದು ಆಮೇಲೆ. ಸಲುಗೆ ಮೊದಲು, ಸಂಕಟ ಆಮೇಲೆ: ಕುಮಾರವ್ಯಾಸನ ಕಲೆ ಈ ಅನುಕ್ರಮದಲ್ಲಿದೆ. ಕರ್ಣನ ಕೊರಳುಬ್ಬಿ ಕಣ್ಣು ತುಂಬುವ ಪದ್ಯ ಬಂದಾಗ ನನ್ನ ದನಿಯೂ ಕಟ್ಟಿತು. “ಹೇಳದೇ ಇದ್ದಿದ್ರೆ ನೆಮ್ಮದಿಯಾಗಿ ಸಾಯ್ತಿದ್ದ ಕಣೋ” ಅಂದರು ಅಮ್ಮ. ಎಷ್ಟು ವ್ಯಾಖ್ಯಾನ ಕೇಳಿದ್ದರೂ ಇಷ್ಟು ನೇರವಾಗಿ ಯಾರೂ ನನಗೆ ಹೇಳಿರಲಿಲ್ಲ.

ಪುಸ್ತಕದ ಅಂದ ಅಲಮಾರಿಯಲ್ಲಿ ನಿಲ್ಲಿಸುವುದಕ್ಕಲ್ಲ, ಮತ್ತೆ ಓದಿಸುವುದಕ್ಕೆ. ನಿಮ್ಮ ಅಟ್ಟದಲ್ಲೂ ಬೆನ್ನು ಕಿತ್ತ ಭಾರತವೋ ಜೈಮಿನಿಯೋ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಹೊಲಿಗೆ ಹಾಕಿಸಿ, ಮನೆಮಂದಿಯನ್ನು ಕೂರಿಸಿಕೊಂಡು ದಿನಕ್ಕೊಂದು ಸಂಧಿ ಗಟ್ಟಿಯಾಗಿ ಓದಿ.