ಕತ್ತರಿ ಬಿದ್ದ ಜೋಗುಳ

1936ರ ‘ಸರ್ಕಸ್’ ಎಂಬ ಸೋವಿಯತ್ ಸಿನಿಮಾ ನೋಡಿ ನಾವು ಅತ್ತಿದ್ದೇವೆ. ಕಪ್ಪು ಮಗು ಹೆತ್ತಳು ಅಂತ ಬಿಳಿ ಹೆಣ್ಣೊಬ್ಬಳನ್ನು ಅಮೆರಿಕದ ಜನ ಅಟ್ಟಿಸಿಕೊಂಡು ಬರ್ತಾರೆ. ಆಕೆ ಮಾಸ್ಕೋ ಸೇರ್ತಾಳೆ. ಕೊನೆಗೆ ಸರ್ಕಸ್ ನೋಡಲು ಬಂದ ಜನ ಆ ಮಗುವನ್ನು ಕೈಯಿಂದ ಕೈಗೆ ದಾಟಿಸುತ್ತಾ, ತಮ್ಮ ತಮ್ಮ ಭಾಷೆಯಲ್ಲಿ ಜೋಗುಳ ಹಾಡ್ತಾರೆ. ‘ಮುಟ್ಟಬೇಡ, ದೂರ ನಿಲ್ಲು’ ಅನ್ನಿಸಿಕೊಂಡು ಬೆಳೆದ ನಮಗೆ ಆ ಕೈಗಳೇ ಸಾಕಾಗಿದ್ದವು.

ಹಾಡಿದವರಲ್ಲಿ ಒಬ್ಬ ಸೊಲೊಮನ್ ಮಿಖೋಯೆಲ್ಸ್. 1890ರಲ್ಲಿ ಈಗಿನ ಲಾಟ್ವಿಯಾದಲ್ಲಿ ಹುಟ್ಟಿದ ಯಹೂದಿ. ಅವನ ಮನೆಮಾತು ಯಿಡ್ಡಿಷ್. ಓದಿಕೊಂಡ ಯಹೂದಿಗಳಲ್ಲೇ ಎಷ್ಟೋ ಜನ ಅದನ್ನು ಭಾಷೆಯೇ ಅಲ್ಲ ಅಂತ ಹೀಗಳೆಯುತ್ತಿದ್ದರು. ಇವನು ಆ ಭಾಷೆಯಲ್ಲೇ ನಾಟಕ ಆಡಿದ. 1929ರಿಂದ ಮಾಸ್ಕೋದ ಸರ್ಕಾರಿ ಯಹೂದಿ ನಾಟಕ ಸಂಸ್ಥೆಯನ್ನು ನಡೆಸಿದ. 1935ರಲ್ಲಿ ಅಲ್ಲಿ ಇವನೇ ಲಿಯರ್ ದೊರೆ.

ಸಿನಿಮಾದಲ್ಲಿ ಅವನ ಕೆಲಸ ಕಮ್ಮಿ. 1925ರ ‘ಯಹೂದಿ ಅದೃಷ್ಟ’ದಲ್ಲಿ, ಕೈಹಾಕಿದ ವ್ಯಾಪಾರವೆಲ್ಲ ಮಣ್ಣುಪಾಲಾಗುವ ಬಡ ದಲ್ಲಾಳಿ. ಅದು ಮೂಕಿಚಿತ್ರ, ಮಾತಿನ ನಟನಿಗೆ ಮೈಯೇ ಮಾತು. 1932ರಲ್ಲಿ ‘ನಾಥನ್ ಬೆಕ್ಕರ್ ಮರಳಿದ’ ಯಿಡ್ಡಿಷ್‌ನಲ್ಲೇ ಮಾತಾಡಿತು. ಆಮೇಲೆ ಈ ಜೋಗುಳ.

1942ರಿಂದ ಅವನು ಯಹೂದಿ ಫ್ಯಾಸಿಸ್ಟ್ ವಿರೋಧಿ ಸಮಿತಿಯ ಅಧ್ಯಕ್ಷ. ಮರುವರ್ಷ ಅಮೆರಿಕ, ಇಂಗ್ಲೆಂಡ್ ಸುತ್ತಿ ಸೋವಿಯತ್ ಯುದ್ಧಕ್ಕೆ ಬೆಂಬಲ ಕೂಡಿಸಿದ. 1948ರ ಜನವರಿಯಲ್ಲಿ ಮಿನ್ಸ್ಕ್ ನಗರದಲ್ಲಿ ಅವನನ್ನು ಸ್ಟಾಲಿನ್ನನ ಪೊಲೀಸರು ಕೊಂದರು. ಹೆಣವನ್ನು ಬೀದಿಯಲ್ಲಿ ಬಿಸಾಕಿ ಲಾರಿ ಅಪಘಾತ ಅಂದರು. ಕೊಂದ ಸರ್ಕಾರವೇ ಮರ್ಯಾದೆಯಿಂದ ಮಣ್ಣು ಮಾಡಿತು. 1949ರಲ್ಲಿ ರಂಗಮಂದಿರಕ್ಕೆ ಬೀಗ. ಲಿಯರ್‌ನ ವಿದೂಷಕನಾಗಿದ್ದ ವೆನಿಯಾಮಿನ್ ಜುಸ್ಕಿನ್‌ಗೆ 1952ರಲ್ಲಿ ಗುಂಡು. ‘ಸರ್ಕಸ್’ನಿಂದ ಆ ಯಿಡ್ಡಿಷ್ ಸಾಲುಗಳನ್ನೂ ಕತ್ತರಿಸಿದರು. ಸ್ಟಾಲಿನ್ ಸತ್ತ ಮೇಲೆ ಆ ತುಂಡು ಮರಳಿ ಬಂತು, ಹಾಡಿದವನು ಬರಲಿಲ್ಲ.

ಗೆಳೆಯರೇ, ಇದನ್ನು ಹೇಳಲು ನಮಗೆ ಸಂಕಟ. ಕೆಂಪು ಬಾವುಟದ ಕೆಳಗೆ ನಾವೂ ನಡೆದವರು. ಶತ್ರುಗಳ ಅಪಪ್ರಚಾರ ಅಂತ ಎಷ್ಟೋ ದಿನ ಕಿವಿ ಮುಚ್ಚಿಕೊಂಡೆವು. ಆದ್ರೆ ಮಗುವನ್ನು ಎತ್ತಿಕೊಂಡ ರಾಜ್ಯವೇ ಜೋಗುಳ ಹಾಡಿದವನ ಕತ್ತು ಹಿಸುಕಿದ್ದನ್ನು ನಾವೇ ಹೇಳದಿದ್ರೆ, ನಮ್ಮ ಸಮಾನತೆಯ ಮಾತನ್ನು ಯಾರು ನಂಬಬೇಕು?

1949ರಲ್ಲಿ ಅದೇ ಮಾಸ್ಕೋದಲ್ಲಿ ಅಮೆರಿಕದ ಕಪ್ಪು ಗಾಯಕ ಪಾಲ್ ರಾಬ್ಸನ್ ವೇದಿಕೆ ಹತ್ತಿ, ಯಹೂದಿ ಹೋರಾಟಗಾರರ ಹಾಡೊಂದನ್ನು ಯಿಡ್ಡಿಷ್‌ನಲ್ಲೇ ಹಾಡಿದ. ಕಪ್ಪು ಮಗುವಿಗೆ ಹಾಡಿದ ಭಾಷೆಯನ್ನು ಕಪ್ಪು ಮನುಷ್ಯನೊಬ್ಬ ಎತ್ತಿಕೊಂಡ. ನಮಗೆ ಬೇಕಾದ ಸಂಗಾತಿತನ ಅದು.