ಇಳಿದ ಘಟ್ಟ, ಹತ್ತಿದ ಘಟ್ಟ

ಸಿಗಂದೂರಿನ ಸೇತುವೆ ಆಗುವುದಕ್ಕೆ ಮುಂಚಿನ ಮಾತು ಇದು. ಈಗ ಅಂಬಾರಗೋಡ್ಲು–ಕಳಸವಳ್ಳಿ ನಡುವೆ 2.44 ಕಿಲೋಮೀಟರ್ ಉದ್ದದ ಸೇತುವೆ ಇದೆ. 2025ರ ಜುಲೈನಲ್ಲಿ ಅದು ಉದ್ಘಾಟನೆಯೂ ಆಯಿತು. ಆಗ ಹಾಗಿರಲಿಲ್ಲ. ಶರಾವತಿ ಹಿನ್ನೀರಿನ ದಡದಲ್ಲಿ ಲಾಂಚಿಗೆ ಕಾಯಬೇಕಿತ್ತು. ಚೌಡೇಶ್ವರಿಯ ದರ್ಶನಕ್ಕೆ ಹೊರಟವರು, ಸಾಗರದಲ್ಲಿ ಕೆಲಸ ಮುಗಿಸಿ ಊರಿಗೆ ಮರಳುವವರು, ಅವರ ಕೈಚೀಲ, ಜೀಪು, ಬಸ್ಸು ಎಲ್ಲವನ್ನೂ ಹೊತ್ತುಕೊಂಡು ಲಾಂಚು ನಿಧಾನಕ್ಕೆ ಆಚೆ ದಡ ಸೇರುತ್ತಿತ್ತು. ಆ ದಿನ ಅವರೆಲ್ಲರ ನಡುವೆ ನಮ್ಮ ಎರಡು ಸೈಕಲ್ಲುಗಳೂ ಇದ್ದವು.

ಒಂದು ನನ್ನದು, ಇನ್ನೊಂದು ಮೇಷ್ಟ್ರದು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾಗಿದ್ದ ಅವರು ನನಗೆ ಪಾಠ ಹೇಳಿದವರಲ್ಲ. ಆದರೂ ಎಲ್ಲರಂತೆ ನಾನೂ ಮೇಷ್ಟ್ರೇ ಎಂದೇ ಕರೆಯುತ್ತಿದ್ದೆ. ಸುತ್ತಿನ ದಾರಿ ಗೊತ್ತುಮಾಡಿದ್ದು ಅವರೇ. ಶಿವಮೊಗ್ಗ ಬಿಟ್ಟು ಸಾಗರ, ಸಿಗಂದೂರು, ಅಲ್ಲಿಂದ ಘಟ್ಟ ಇಳಿದು ಕೊಲ್ಲೂರು, ಆಮೇಲೆ ಕರಾವಳಿ, ಹೆಬ್ರಿ ಮೇಲೆ ಬಂದು ಆಗುಂಬೆ ಹತ್ತಿ ತೀರ್ಥಹಳ್ಳಿ, ಮತ್ತೆ ಶಿವಮೊಗ್ಗ. "ಒಂದು ಘಟ್ಟ ಇಳೀಬೇಕು, ಇನ್ನೊಂದು ಹತ್ತಬೇಕು ಕಣಪ್ಪ. ಎರಡೂ ಆಗದೆ ಈ ಸೀಮೆ ಅರ್ಥ ಆಗೋದಿಲ್ಲ" ಎಂದಿದ್ದರು. ಹಿಂದಿನ ಕ್ಯಾರಿಯರ್‌ಗೆ ಎರಡೂ ಕಡೆ ಚೀಲ ಕಟ್ಟಿದೆವು. ಒಂದೆರಡು ಜೊತೆ ಬಟ್ಟೆ, ಒಂದು ಶಾಲು, ಟ್ಯೂಬು, ಪಂಕ್ಚರ್ ಸಾಮಾನು, ಪಂಪು. ಅಷ್ಟೇ ಸಂಸಾರ.

ಆಯನೂರು, ಕುಂಸಿ, ಆನಂದಪುರ ದಾಟಿ ಸಾಗರ ಸೇರುವ ರಸ್ತೆಯಲ್ಲಿ ದೊಡ್ಡ ಏರೇನೂ ಇಲ್ಲ. ಬಸ್ಸಿನಲ್ಲಿ ಹೋದವರಿಗೆ ಅದು ಸಪಾಟು ರಸ್ತೆ. ಸೈಕಲ್ಲಿನವರಿಗೆ ಮಾತ್ರ ಗೊತ್ತು, ಅದು ಇಳಿಸಿದಷ್ಟನ್ನೂ ಮರುಕ್ಷಣವೇ ಹತ್ತಿಸಿಬಿಡುತ್ತದೆ ಎಂದು. ಹಿನ್ನೀರಿನ ದಡಕ್ಕೆ ಬರುವಷ್ಟರಲ್ಲಿ ತೊಡೆ ಕಟ್ಟಿಕೊಂಡಿತ್ತು. ಲಾಂಚಿನ ಕಂಬಿಗೆ ಒರಗಿ ನಿಂತರೆ ಸುತ್ತ ನೀರೇ ನೀರು, ನಡುನಡುವೆ ಗುಡ್ಡದ ನೆತ್ತಿಗಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ಊರು, ಗದ್ದೆ, ತೋಟಗಳೆಲ್ಲ ಈ ನೀರಿನಡಿ ಹೋದವು. ನಾಡಿಗೆಲ್ಲ ಬೆಳಕು ಕೊಟ್ಟವರು ದ್ವೀಪದಂಥ ಜಾಗದಲ್ಲಿ ಉಳಿದುಕೊಂಡರು.

ಅಂಥವರ ಒಂದು ಮನೆಯಲ್ಲಿ ನಾವು ರಾತ್ರಿ ತಂಗಿದ್ದು, ತುಮರಿಯ ಹತ್ತಿರ. ಮೇಷ್ಟ್ರ ಹಳೆಯ ಶಿಷ್ಯನೊಬ್ಬನ ಕಡೆಯವರು. ಅಡಿಕೆ ಕೊಯ್ಲಿನ ಕಾಲ. ಅಂಗಳದಲ್ಲಿ ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಹೆಂಗಸರು, ಗಂಡಸರು ಸುಲಿಯುತ್ತ ಕೂತಿದ್ದರು. ಕಾಲಿನಡಿ ಮಣೆ ಅದುಮಿ, ಹಸಿರು ಕಾಯಿಯನ್ನು ಅಲಗಿಗೆ ಒತ್ತಿ ಒಮ್ಮೆ ತಿರುಗಿಸಿದರೆ ಸಿಪ್ಪೆ ಒಂದು ಕಡೆ, ಅಡಿಕೆ ಒಂದು ಕಡೆ. ಮಾತು ನಿಲ್ಲುತ್ತಿರಲಿಲ್ಲ, ಕೈಯೂ ನಿಲ್ಲುತ್ತಿರಲಿಲ್ಲ. ಆಚೆ ದೊಡ್ಡ ಒಲೆಯ ಮೇಲೆ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು. ಆ ಒಲೆಯ ಮುಂದೆ ನಮಗೂ ಜಾಗ ಸಿಕ್ಕಿತು.

ಮನೆಯ ಅಜ್ಜ ಬೆಂಕಿಗೆ ಕೊಳ್ಳಿ ನೂಕುತ್ತ ಕೇಳಿದರು: "ಸೈಕಲ್ ಹೊಡ್ಕಂಡು ಕೊಲ್ಲೂರಿಗಾ? ಅದು ಇಳಿಯದೇ ಅಲ್ದಾ, ಕಷ್ಟ ಎಂತದೂ ಇಲ್ಲ ಬಿಡಿ. ಆಗುಂಬೆ ಹತ್ತದು ಉಂಟಲ್ಲ, ಅದು ಹೇಳಿ." ಆಮೇಲೆ ಮಾತು ಲಾಂಚಿನ ಕಡೆಗೆ ತಿರುಗಿತು. ಕತ್ತಲಾದರೆ ಲಾಂಚಿಲ್ಲ. ರಾತ್ರಿ ಯಾರಿಗಾದರೂ ಎದೆನೋವು ಬಂದರೆ, ಹೆರಿಗೆ ನೋವು ಕಾಣಿಸಿಕೊಂಡರೆ, ಹೊಸನಗರದ ಕಡೆಯಿಂದ ಸುತ್ತಿ ಹೋಗಬೇಕು, ಇಲ್ಲವೇ ಬೆಳಗಾಗುವುದನ್ನು ಕಾಯಬೇಕು. ಅಜ್ಜ ಇದನ್ನು ದೂರಿನ ದನಿಯಲ್ಲಿ ಹೇಳಲಿಲ್ಲ. ಮಳೆ ಬಿಸಿಲಿನ ವಿಷಯ ಹೇಳುವಷ್ಟೇ ಸಲೀಸಾಗಿ ಹೇಳಿದರು. ಸೇತುವೆ ಉದ್ಘಾಟನೆಯ ಸುದ್ದಿ ಓದಿದ ದಿನ ನನಗೆ ಮೊದಲು ನೆನಪಾದದ್ದು ಅವರ ಆ ಮಾತೇ.

ಮರುದಿನ ಬೆಳಗಿನ ಮಂಜಿನಲ್ಲೇ ಹೊರಟು ನಿಟ್ಟೂರು, ನಾಗೋಡಿ ದಾಟಿದೆವು. ಅಲ್ಲಿಂದ ಘಟ್ಟ. ಇಳಿಜಾರು ಶುರುವಾಗುತ್ತಿದ್ದಂತೆ ಮೈ ಹಗುರಾಯಿತು. ಪೆಡಲ್ ತುಳಿಯುವ ಕೆಲಸವಿಲ್ಲ, ಗಾಳಿ ಕಿವಿಯಲ್ಲಿ ಮೊರೆಯುತ್ತಿದೆ. ಆ ಸುಖ ನಾಲ್ಕೈದು ತಿರುವಿನ ಮಟ್ಟಿಗೆ. ಆಮೇಲೆ ಬೆರಳು ಜೋಮು ಹಿಡಿಯಿತು. ಹಿಂದೆ ಹೊರೆ ಇರುವ ಸೈಕಲ್ಲು ತಿರುವಿನಲ್ಲಿ ನಮ್ಮ ಮಾತು ಕೇಳುವುದಿಲ್ಲ. ಮರದ ನೆರಳಿನಲ್ಲಿ ಟಾರು ಇನ್ನೂ ಇಬ್ಬನಿಗೆ ಒದ್ದೆ, ಅಂಚಿನಲ್ಲಿ ಸಣ್ಣ ಜಲ್ಲಿ, ಎದುರಿನಿಂದ ಯಾವ ಗಳಿಗೆಯಲ್ಲಾದರೂ ಬಸ್ಸು ಬರಬಹುದು. ಸುತ್ತ ಮೂಕಾಂಬಿಕಾ ಅಭಯಾರಣ್ಯದ ಅಂಥ ಕಾಡು ಇದ್ದೂ ಕಣ್ಣು ಮುಂದಿನ ಹತ್ತು ಮಾರು ರಸ್ತೆ ಬಿಟ್ಟು ಕದಲಲಿಲ್ಲ.

ಮೇಷ್ಟ್ರು ಆಗಾಗ ನಿಲ್ಲಿಸಿ ಚಕ್ರದ ರಿಮ್ಮನ್ನು ಮುಟ್ಟಿ ನೋಡುತ್ತಿದ್ದರು. ನನಗೂ ಮುಟ್ಟಿಸಿದರು. ಬೆರಳು ಇಡಲಾಗದಷ್ಟು ಬಿಸಿ. "ನೀನು, ಸೈಕಲ್ಲು, ಚೀಲ ಎಲ್ಲ ಸೇರಿ ನೂರು ಕಿಲೋ ಅಂತ ಇಟ್ಕೋ. ಐನೂರು ಮೀಟರ್ ಕೆಳಗೆ ಇಳಿದರೆ, ಒಂದೂವರೆ ಲೀಟರ್ ನೀರು ಕುದಿ ಬರೋವಷ್ಟು ಶಾಖ ಹುಟ್ಟುತ್ತೆ. ಗಾಳಿ ಸ್ವಲ್ಪ ತಗೊಳ್ಳುತ್ತೆ. ಉಳಿದದ್ದೆಲ್ಲ ಈ ಎರಡು ರಬ್ಬರ್ ತುಂಡು, ಈ ರಿಮ್ಮು ತಡ್ಕೋಬೇಕು." ರಿಮ್ಮು ಅತಿಯಾಗಿ ಕಾದರೆ ಒಳಗಿನ ಟ್ಯೂಬು ಒಡೆಯಬಹುದು. ಆದ್ದರಿಂದ ಒಂದೇ ಸಮನೆ ಹಿಡಿಯದೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಬೇಕು ಎಂದು ಹೇಳಿಕೊಟ್ಟರು.

ಅರ್ಧ ಘಟ್ಟ ಇಳಿದಿರಬೇಕು. ಒಂದು ತಿರುವಿಗೆ ಮುಂಚೆ ಹಿಂದಿನ ಬ್ರೇಕ್ ಅದುಮಿದೆ. 'ಟಕ್' ಎಂದು ಸದ್ದಾಗಿ ಹಿಡಿ ಸಡಿಲವಾಗಿ ಕೈಗೆ ಬಂತು. ವೈರು ಕಡಿದಿತ್ತು. ಮುಂದಿನ ಬ್ರೇಕನ್ನು ಜೋರಾಗಿ ಹಿಡಿದರೆ ಚಕ್ರ ಕಚ್ಚಿ ಮುಗ್ಗರಿಸುವುದು ಖಂಡಿತ. ಮೆಲ್ಲಮೆಲ್ಲನೆ ಹಿಡಿಯುತ್ತ, ಎಡಗಾಲನ್ನು ರಸ್ತೆಗೆ ಎಳೆಯುತ್ತ, ಅಂಚಿನ ಮಣ್ಣಿನ ಕಡೆಗೆ ಸೈಕಲ್ ತಿರುಗಿಸಿದೆ. ಚರಂಡಿಗೆ ಎರಡಡಿ ಈಚೆ ನಿಂತಿತು. ಕಾಲು ನಡುಗುತ್ತಿತ್ತು. ಹಿಂದೆ ಬಂದ ಮೇಷ್ಟ್ರು ಏನನ್ನೂ ಕೇಳಲಿಲ್ಲ. ಕೆಳಗಿಳಿದು ತಮ್ಮ ಸೈಕಲ್ಲನ್ನೂ ತಳ್ಳಿಕೊಂಡು ಪಕ್ಕದಲ್ಲಿ ನಡೆಯತೊಡಗಿದರು. ಅವರ ಬ್ರೇಕ್ ಸರಿಯಾಗಿಯೇ ಇತ್ತು.

ಆಗ ಕಾಡು ಕಾಣಿಸತೊಡಗಿತು. ಕೇಳಿಸತೊಡಗಿತು ಎಂದರೆ ಹೆಚ್ಚು ಸರಿ. ಎಲ್ಲೋ ತೊರೆ ಹರಿಯುವ ಸದ್ದು, ನೆತ್ತಿಯ ಮೇಲೆ ಮಂಗಟ್ಟೆ ಹಕ್ಕಿಯ ರೆಕ್ಕೆ ಬಡಿತ. ಇವತ್ತಿಗೂ ಆ ಘಟ್ಟದಲ್ಲಿ ನನಗೆ ಚೆನ್ನಾಗಿ ನೆನಪಿರುವುದು ನಡೆದು ಬಂದ ಭಾಗ ಮಾತ್ರ. ಸೈಕಲ್ ಮೇಲೆ ಕೂತು ಇಳಿದದ್ದರಲ್ಲಿ ಟಾರು, ಬ್ರೇಕಿನ ಹಿಡಿ, ಮುಂದಿನ ತಿರುವು ಬಿಟ್ಟರೆ ಬೇರೇನೂ ಉಳಿದಿಲ್ಲ.

ಕೆಳಗೆ ಬಂದ ಮೇಲೆ ರಸ್ತೆ ಬದಿಯ ಒಂದು ಸೈಕಲ್ ಅಂಗಡಿ ಸಿಕ್ಕಿತು. ಅಂಗಡಿಯವರು ಕಡಿದ ವೈರನ್ನು ಎಳೆದು ತೆಗೆದು, ಮಕ್ಕಳ ಸೈಕಲ್ಲಿಗೆ ಹಾಕುವ ವೈರೊಂದನ್ನು ಗೋಡೆಯಿಂದ ಇಳಿಸಿದರು. ತುದಿಯ ಗುಂಡು ಸರಿಯಾಗಿ ಕೂತಿತು. ಗ್ರೀಸು ಸವರಿ, ಬಿಗಿದು, ಸೈಕಲ್ಲನ್ನು ತಾವೇ ಒಂದು ಸುತ್ತು ಹೊಡೆದು ನೋಡಿದರು. "ಹ್ವಾಯ್, ಇನ್ನ್ ಎಲ್ಲಿಗ್ ಹೋಪ್ದ್?" ಎಂದರು. ಆಗುಂಬೆ ಎಂದೆವು. ವೈರಿನ ದುಡ್ಡು ಮಾತ್ರ ತೆಗೆದುಕೊಂಡರು, ಕೂಲಿ ಬೇಡವೆಂದರು.

ಬೈಂದೂರಿನಿಂದ ಹೆದ್ದಾರಿ. ಮರವಂತೆಯಲ್ಲಿ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಕೊಲ್ಲೂರಿನಲ್ಲಿ ನೋಡಿ ಬಂದ ಅದೇ ಸೌಪರ್ಣಿಕಾ ನದಿ. ಆ ನೋಟ ಬಿಟ್ಟರೆ ಕರಾವಳಿಯ ಸಪಾಟು ರಸ್ತೆ ದೇಹಕ್ಕೆ ಬಲು ಬೇಸರ. ಬಿಸಿಲು, ಮಧ್ಯಾಹ್ನದ ಕಡಲ ಗಾಳಿ, ಮೈಗೆ ತಾಗುವಷ್ಟು ಹತ್ತಿರ ಹಾಯುವ ಲಾರಿಗಳು. ಬ್ರಹ್ಮಾವರದಲ್ಲಿ ಒಳಕ್ಕೆ ತಿರುಗಿ ಹೆಬ್ರಿಯ ದಾರಿ ಹಿಡಿದಾಗಲೇ ಉಸಿರು ಬಂದಂತಾಯಿತು.

ಸೋಮೇಶ್ವರದಿಂದ ಆಗುಂಬೆ ಘಾಟಿ. ಹದಿನಾಲ್ಕು ತಿರುವು. ರಸ್ತೆ ಕಡಿದಾದ್ದರಿಂದ ಭಾರಿ ವಾಹನ ಬಿಡುವುದಿಲ್ಲ, ಮಿನಿ ಬಸ್ಸುಗಳದ್ದೇ ಓಡಾಟ. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಾಗ. ಮಳೆ ನಿಂತು ಎಷ್ಟೋ ದಿನವಾಗಿದ್ದರೂ ಬಂಡೆಯ ಸಂದಿನಿಂದ ನೀರು ಜಿನುಗುತ್ತಿತ್ತು. ಅತಿ ಸಣ್ಣ ಗೇರಿಗೆ ಹಾಕಿಕೊಂಡು ತುಳಿಯತೊಡಗಿದೆವು, ನಡೆಯುವವರ ವೇಗದಲ್ಲಿ. ಅದಕ್ಕಿಂತ ನಿಧಾನವಾದರೆ ಸೈಕಲ್ಲು ವಾಲುತ್ತದೆ. ತಿರುವಿನಲ್ಲಿ ಒಳಬದಿ ಕಡಿದು, ಹೊರಬದಿ ಸಲೀಸು. ನಾವು ಎಡಕ್ಕೇ ಹೋಗಬೇಕಾದ್ದರಿಂದ ಎಡತಿರುವಿನಲ್ಲೆಲ್ಲ ಕಡಿದಾದ ಒಳಬದಿಯೇ ನಮ್ಮ ಪಾಲಿಗೆ. ಬಲತಿರುವು ಬಂದರೆ ಎರಡು ಉಸಿರು ಹೆಚ್ಚು ಎಳೆದುಕೊಳ್ಳಲು ಬಿಡುವು ಸಿಗುತ್ತಿತ್ತು.

"ಇಳಿಯೋವಾಗ ಬ್ರೇಕಿಗೆ ಕೊಟ್ಟ ಶಾಖವನ್ನ ಈಗ ನಮ್ಮ ಕಾಲು ವಾಪಸ್ ಕೊಡಬೇಕು" ಎಂದರು ಮೇಷ್ಟ್ರು, ಏದುಸಿರಿನ ನಡುವೆ. "ಅದೂ ನಾಲ್ಕು ಪಟ್ಟು. ತಿಂದದ್ದರಲ್ಲಿ ಸ್ನಾಯು ಕೆಲಸಕ್ಕೆ ಕೊಡೋದು ಕಾಲು ಭಾಗ, ಉಳಿದದ್ದು ಬೆವರಿಗೆ."

ಆದರೆ ನಿಧಾನವಾದಷ್ಟೂ ಜನ ಹತ್ತಿರವಾದರು. ಇಳಿಯುವಾಗ ಯಾರೊಬ್ಬರ ಮುಖವನ್ನೂ ನೋಡಿರಲಿಲ್ಲ. ಇಲ್ಲಿ ಚರಂಡಿಯ ತರಗು ತೆಗೆಯುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ, ಮೇಷ್ಟ್ರ ನರೆತ ಗಡ್ಡ ನೋಡಿ, "ಅಜ್ಜ, ಸ್ವಲ್ಪ ಕೂತು ಹೋಗಿ" ಎಂದು ಬಂಡೆ ತೋರಿಸಿದರು. ಕೆಳಗಿಳಿಯುತ್ತಿದ್ದ ಮಿನಿ ಬಸ್ಸಿನ ಕಂಡಕ್ಟರು ಬಾಗಿಲಿನಿಂದ ಬಾಗಿ "ಇನ್ನು ಒಂಬತ್ತು ಉಂಟು!" ಎಂದು ಕೂಗಿದರು. ಅದೇ ಬಸ್ಸು ಸೋಮೇಶ್ವರ ಮುಟ್ಟಿ ಮತ್ತೆ ಮೇಲೆ ಬರುವಾಗ ನಾವು ಇನ್ನೂ ದಾರಿಯಲ್ಲೇ ಇದ್ದೆವು. ಈ ಸಲ ಬಸ್ಸು ನಿಧಾನಿಸಿತು. "ಇನ್ನು ನಾಲ್ಕೇ. ನೀರು ಉಂಟಾ?" ಎಂದು ಕೇಳಿ, ಕಿಟಕಿಯಿಂದ ಯಾರೋ ಕೊಟ್ಟ ಬಾಳೆಹಣ್ಣಿನ ಚಿಪ್ಪನ್ನು ಕಂಡಕ್ಟರು ಮೇಷ್ಟ್ರ ಕೈಗೆ ದಾಟಿಸಿದರು. ಬಸ್ಸಿನೊಳಗಿನ ಮುಖಗಳೆಲ್ಲ ನಮ್ಮ ಕಡೆಗೇ ತಿರುಗಿದ್ದವು. ಬಂಡೆಯ ಮೇಲೆ ಕೂತು ಹಣ್ಣು ಸುಲಿಯುವಾಗ ಮೇಲಿನ ಕೊಂಬೆಯಲ್ಲಿ ಸಿಂಗಳೀಕಗಳ ಹಿಂಡು ಕಾಣಿಸಿತು. ಬಿಳಿಯ ಕೇಸರ, ಕಪ್ಪು ಮೈ. ಎಷ್ಟೋ ಸಲ ಈ ದಾರಿಯಲ್ಲಿ ಬಸ್ಸಿನಲ್ಲಿ ಓಡಾಡಿದ್ದರೂ ಸಿಂಗಳೀಕವನ್ನು ನಾನು ನೋಡಿದ್ದು ಅವತ್ತೇ ಮೊದಲು.

ಕೊನೆಯ ತಿರುವುಗಳಲ್ಲಿ ಇಳಿದು ತಳ್ಳಿದೆವು. ಮೇಷ್ಟ್ರು ಅದಕ್ಕೆ ಸಂಕೋಚಪಡಲಿಲ್ಲ, ನಾನೂ ಪಡಲಿಲ್ಲ. ಮೇಲೆ ಬಂದಾಗ ಸಂಜೆ. ಸೂರ್ಯಾಸ್ತ ನೋಡಲು ಕಾರಿನಲ್ಲಿ ಬಂದಿದ್ದವರು ಸಾಲುಗಟ್ಟಿ ನಿಂತಿದ್ದರು. ಆಗುಂಬೆ ಪೇಟೆಯ ಹೋಟೆಲಿನಲ್ಲಿ ಬಿಸಿ ದೋಸೆ ಹಾಕಿಸಿಕೊಂಡು ಕೂತಿದ್ದಾಗ ಕೆಲಸ ಮುಗಿಸಿದ ಅದೇ ಕಂಡಕ್ಟರು ಒಳಗೆ ಬಂದರು. ನಮ್ಮನ್ನು ಕಂಡು, ಕೇಳದೆಯೇ ನಮ್ಮ ಮೇಜಿಗೆ ಕುರ್ಚಿ ಎಳೆದುಕೊಂಡು ಕೂತರು.

ತುಮರಿಯ ಅಜ್ಜ ಹೇಳಿದ್ದು ದೇಹದ ಮಟ್ಟಿಗೆ ನಿಜ. ಇಳಿಯುವುದಕ್ಕೆ ಬೆವರು ಬೇಕಿಲ್ಲ. ಆದರೆ ಇಳಿಯುವಾಗ ನಾವು ಒಂಟಿ. ಭಯ ಮತ್ತು ಬ್ರೇಕಿನ ಹಿಡಿ ಬಿಟ್ಟರೆ ಜೊತೆಗೆ ಯಾರೂ ಇರುವುದಿಲ್ಲ. ಏರು ನಮ್ಮನ್ನು ಜನರ ನಡಿಗೆಗೆ ಇಳಿಸುತ್ತದೆ. ನೆರವು ಕೇಳುವಷ್ಟು, ನೆರವು ಪಡೆಯುವಷ್ಟು ಹತ್ತಿರಕ್ಕೆ ತರುತ್ತದೆ. ದೂರದ ಸೈಕಲ್ ಪಯಣದ ಲಾಭ ನನ್ನ ಲೆಕ್ಕದಲ್ಲಿ ಅದೇ. ಈಚೆಗೆ ಎಷ್ಟೋ ಹುಡುಗರು ಘಟ್ಟ ಇಳಿಯುವ ಖುಷಿಗೆಂದು ಸೈಕಲ್ಲನ್ನು ಗಾಡಿಯ ಮೇಲೆ ಹೇರಿಕೊಂಡು ಮೇಲೆ ಬರುತ್ತಾರೆ. ಇಳಿಯಿರಿ, ಬೇಡವೆನ್ನುವುದಿಲ್ಲ. ಹೊರಡುವ ಮುಂಚೆ ಬ್ರೇಕಿನ ವೈರು ನೋಡಿಕೊಳ್ಳಿ, ಇನ್ನೊಂದನ್ನು ಚೀಲದಲ್ಲಿ ಇಟ್ಟುಕೊಳ್ಳಿ. ಆದರೆ ಒಂದು ಘಟ್ಟವನ್ನಾದರೂ ಕೆಳಗಿನಿಂದ ಹತ್ತಿ. ತುಳಿಯಲಾಗದಿದ್ದರೆ ತಳ್ಳಿಕೊಂಡೇ ಹತ್ತಿ. ಆ ರಸ್ತೆಯಲ್ಲಿ ಯಾರು ದುಡಿಯುತ್ತಾರೆ, ಯಾರು ಓಡಾಡುತ್ತಾರೆ, ಅವರು ಎಂಥವರು ಎಂದು ತಿಳಿಯುವುದಕ್ಕೆ ನನಗೆ ಗೊತ್ತಿರುವ ದಾರಿ ಅದೊಂದೇ.