ಹೆಸರು ಕೇಳದ ಸಂಗಾತಿಗಳು

ಫಾಲ್ಗುಣದ ಬಿಸಿಲಿಗೆ ವಿಜಯಪುರ ಸೀಮೆಯ ಎರೆಭೂಮಿ ಬಿರಿಯತೊಡಗಿದಂತೆ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ತಾಲೂಕುಗಳ ಹಳ್ಳಿಗಳಲ್ಲಿ ಒಂದು ಸಡಗರ ಮೊದಲಾಗುತ್ತದೆ. ಬಿಳಿಜೋಳದ ರಾಶಿ ಮುಗಿದಿರುತ್ತದೆ. ಮನೆಮನೆಗಳಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿಗಳ ಗಂಟು ಸಿದ್ಧವಾಗುತ್ತದೆ. ಯುಗಾದಿಯ ವೇಳೆಗೆ ಶ್ರೀಶೈಲವನ್ನು ಕಾಲ್ನಡಿಗೆಯಿಂದಲೇ ಮುಟ್ಟಬೇಕೆಂಬ ಸಂಕಲ್ಪ ಅದು.

ಹಾದಿಯೋ 300 ಕಿಲೋಮೀಟರಿಗೂ ಮಿಗಿಲು. ಒಬ್ಬನೇ ನಡೆದು ತೀರುವಂಥದಲ್ಲ. ಆದರೆ ಜೊತೆ ನಡೆಯುವವರೆಲ್ಲರೂ ನಂಟರಲ್ಲ, ಒಂದೇ ಊರಿನವರೂ ಅಲ್ಲ. ಇಂಡಿಯ ನಿಂಬೆತೋಟದ ಮುದುಕ, ಸಿಂದಗಿಯ ಅಂಗಡಿಯೊಂದರ ಗುಮಾಸ್ತ, ಬಾಗೇವಾಡಿಯ ಕಾಲೇಜು ತರುಣ, ಮುದ್ದೇಬಿಹಾಳ ಕಡೆಯ ವೃದ್ಧೆ—ಇಂಥವರು ಪರಸ್ಪರ ಮುಖ ಕಾಣುವುದು ಹಾದಿಬದಿಯ ಬೇವಿನ ನೆರಳಿನಲ್ಲಿ. ಈಚೆಗೆ ತರುಣರು ಹೊರಡುವ ದಿನವನ್ನು ಮೊಬೈಲಿನಲ್ಲಿ ತಿಳಿದುಕೊಂಡು ಗುಂಪು ಸೇರುವುದುಂಟು. ನಿಜವಾದ ಪರಿಚಯ ಮಾತ್ರ ನಡಿಗೆಯಲ್ಲಿಯೇ. 'ಯಾವೂರ್ರಿ ಯಣ್ಣಾ?' ಎಂಬ ಒಂದು ಪ್ರಶ್ನೆಗೆ ಉತ್ತರ ದೊರೆತರೆ ಉಪಚಾರ ಮುಗಿಯಿತು.

ಬಸವಣ್ಣನವರು ಹುಟ್ಟಿದ ಬಾಗೇವಾಡಿಯನ್ನು ಹಿಂದಿಟ್ಟು, ಮುದ್ದೇಬಿಹಾಳವನ್ನು ದಾಟಿ ಬಂದವರಿಗೆ ತಂಗಡಗಿಯಲ್ಲಿ ಕೃಷ್ಣೆ ಎದುರಾಗುತ್ತಾಳೆ. ಬಸವಣ್ಣನವರ ಮಡದಿ ನೀಲಾಂಬಿಕೆ ಐಕ್ಯಳಾದ ತಾಣವೆಂದು ಜನ ನಮಿಸುವ ಊರು ಅದು. ಹೊಳೆ ದಾಟಿದ ಬಳಿಕ ಹುನಗುಂದ, ಲಿಂಗಸುಗೂರು, ರಾಯಚೂರಿನ ಸೀಮೆ. ಆಮೇಲೆ ಆಂಧ್ರದ ಕರ್ನೂಲು, ಆತ್ಮಕೂರು. ದಾರಿಯುದ್ದಕ್ಕೂ ಊರವರು ಚಪ್ಪರ ಹಾಕಿ ದಾಸೋಹ ನಡೆಸುತ್ತಾರೆ. ಅಂಬಲಿ, ಮಜ್ಜಿಗೆ, ಕಲ್ಲಂಗಡಿಯ ಹೋಳುಗಳನ್ನು ಕೈಗಿತ್ತು, ನೊಂದ ಕಾಲಿಗೆ ಬಿಸಿನೀರು ಕಾಯಿಸಿಕೊಡುತ್ತಾರೆ.

ಮೂರನೆಯ ನಾಲ್ಕನೆಯ ದಿನವೇ ಸಂಗಾತಿತನದ ಪರೀಕ್ಷೆ. ಹೊಸಬನ ಅಂಗಾಲಿನಲ್ಲಿ ಬೊಕ್ಕೆ ಏಳುತ್ತದೆ. ತನ್ನಿಂದ ಎಲ್ಲರಿಗೂ ತಡವಾಯಿತೆಂದು ಸಂಕೋಚಪಟ್ಟು, 'ನೀವು ಮುಂದ ನಡೀರಿ, ನಾ ಬಸ್ಸು ಹಿಡದು ಊರಿಗೆ ಹೋಗ್ತೀನಿ' ಎನ್ನುತ್ತಾನೆ ಗುಮಾಸ್ತ. ಮುದುಕ ಗಂಟನ್ನು ಇಳಿಸಿ ಪಕ್ಕದಲ್ಲಿ ಕುಳಿತು ಹರಳೆಣ್ಣೆಯ ಶೀಸೆ ತೆಗೆಯುತ್ತಾನೆ: 'ಹಾದಿ ಎಲ್ಲಿಗೂ ಓಡಿಹೋಗೂದಿಲ್ಲ ತಮ್ಮಾ. ಕುಂದ್ರು.' ಎಲ್ಲರಿಗಿಂತ ಮೆಲ್ಲಗೆ ನಡೆಯುವವನ ನಡಿಗೆಯೇ ಗುಂಪಿನ ನಡಿಗೆ. ಬರೆದಿಡದ ಈ ಕಟ್ಟಳೆಯನ್ನು ಪಾಲಿಸುವ ಗುಂಪು ಒಡೆಯದೆ ಬೆಟ್ಟವನ್ನು ಮುಟ್ಟುತ್ತದೆ.

ಈ ಕಟ್ಟಳೆಯ ಬೆಲೆ ತಿಳಿಯುವುದು ವೆಂಕಟಾಪುರದಿಂದಾಚೆ, ನಲ್ಲಮಲದ ಕಾಡಿನಲ್ಲಿ. 1983ರಿಂದ ಅದು ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ ಅರಣ್ಯ. ನಾಗಲೂಟಿಯ ವೀರಭದ್ರನ ಗುಡಿ, ಪೆಚ್ಚೆರುವಿನ ತಂಗುದಾಣ, ಭೀಮುನಿಕೊಲನಿನ ಆಳವಾದ ಕಣಿವೆ, ಅಲ್ಲಿಂದ ಕೈಲಾಸದ್ವಾರಕ್ಕೆ ಏರುವ ಕಲ್ಲಿನ ಮೆಟ್ಟಿಲುಗಳು. ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದ ಕೀರ್ತಿ 14ನೆಯ ಶತಮಾನದ ಪ್ರೋಲಯ ವೇಮಾರೆಡ್ಡಿಯದು. ಹರಕೆ ಹೊತ್ತು ಮರಗಾಲು ಕಟ್ಟಿಕೊಂಡು ನಡೆಯುವವರನ್ನೂ ಈ ಯಾತ್ರೆಯಲ್ಲಿ ಕಾಣಬಹುದು. ನೀರು ವಿರಳ, ನೆರಳು ವಿರಳ. ಒಬ್ಬನ ಬಾಟಲಿಯ ಕೊನೆಯ ಗುಟುಕು ಇನ್ನೊಬ್ಬನ ಪಾಲಾಗುತ್ತದೆ. ಮಲ್ಲಯ್ಯನ ಕಂಬಿ ಹೆಗಲಿನಿಂದ ಹೆಗಲಿಗೆ ದಾಟುತ್ತದೆ. ವೃದ್ಧೆಯ ಕೈ ತರುಣನ ಭುಜದ ಮೇಲೆ. ಮೊನ್ನೆ ಬಸ್ಸು ಹಿಡಿಯಬೇಕೆಂದಿದ್ದ ಗುಮಾಸ್ತನ ತಲೆಯ ಮೇಲೆ ಈಗ ಮುದುಕನ ಗಂಟು.

ಬೆಟ್ಟದ ಮೇಲೆ ಕನ್ನಡಿಗರಿಗೆ ಬೀಗರ ಮನೆಯ ಸಲುಗೆ. ಭ್ರಮರಾಂಬೆ ತಮ್ಮ ಮನೆಮಗಳು, ಮಲ್ಲಿಕಾರ್ಜುನ ಅಳಿಯ ಎಂಬುದು ಅವರ ನಂಬಿಕೆ. ತವರಿನಿಂದ ತಂದಂತೆ ಸೀರೆ, ಕುಪ್ಪಸ, ಅರಿಸಿನ, ಕುಂಕುಮಗಳನ್ನು ಒಪ್ಪಿಸಿ ಕಣ್ಣೊರೆಸಿಕೊಳ್ಳುವ ತಾಯಂದಿರು ಅನೇಕರು.

ಆಮೇಲೆ ಎಲ್ಲರೂ ಪಾತಾಳಗಂಗೆಗೆ ಇಳಿಯುತ್ತಾರೆ. ಅಲ್ಲಿ ಹರಿಯುವುದೂ ಕೃಷ್ಣೆಯೇ. ತಂಗಡಗಿಯಲ್ಲಿ ದಾಟಿ ಬಂದ ಹೊಳೆ, ಇಂಡಿ ಸಿಂದಗಿಗಳ ಅಂಚಿನ ಭೀಮೆಯನ್ನು ದಾರಿಯಲ್ಲಿ ಕೂಡಿಸಿಕೊಂಡು ತಮಗಿಂತ ಮೊದಲೇ ಇಲ್ಲಿಗೆ ಬಂದಿದೆ!

ಮರಳುವುದು ಬಸ್ಸಿನಲ್ಲಿ, ಅವರವರ ಊರಿನ ದಾರಿ ಹಿಡಿದು. ಮುದುಕ ಕೈಯೆತ್ತಿ, 'ಮುಂದಿನ ವರ್ಷ ಬರ್ತೀಯಲ್ಲೋ ತಮ್ಮಾ?' ಎಂದು ಕೂಗುತ್ತಾನೆ. 'ಬರ್ತೀನ್ರಿ ಅಜ್ಜಾ' ಎಂದು ಗುಮಾಸ್ತ ಮಾತು ಕೊಡುತ್ತಾನೆ. ಬಸ್ಸು ಹೊರಟ ಮೇಲೆ ಅವನಿಗೆ ನೆನಪಾಗುತ್ತದೆ: ತನ್ನ ಕಾಲಿಗೆ ಎಣ್ಣೆ ತಿಕ್ಕಿದವರ ಹೆಸರನ್ನು ಅಷ್ಟು ದಿನವೂ ತಾನು ಕೇಳಿಯೇ ಇರಲಿಲ್ಲ.